ಮೂಳೆಯ ಮಜ್ಜೆಯಿಂದ ಕಾಲಿಗೆ ಹೊಸ ರಕ್ತನಾಳ

ಪ್ರಥಮ ಪಿಯುಸಿಯಲ್ಲಿ ರಕ್ತ ಪರಿಚಲನೆಯ ಪಾಠ ಮುಗಿಯುವ ಹೊತ್ತಿಗೆ ಹೆಚ್ಚಾಗಿ ಪ್ರತಿವರ್ಷ ಒಂದೇ ಪ್ರಶ್ನೆ ಬರುತ್ತದೆ. "ಸರ್, ಅಪಧಮನಿ ಮುಚ್ಚಿಹೋದರೆ ಅದರ ಬದಲಿಗೆ ಹೊಸದು ಬೆಳೆಯುವುದಿಲ್ಲವಾ?" ಬೈಪಾಸ್, ಸ್ಟೆಂಟ್ ಬಗ್ಗೆ ನೀವು ಮನೆಯಲ್ಲೇ ಕೇಳಿರುತ್ತೀರಿ, ಆದರೆ ಈ ಪ್ರಶ್ನೆಗೆ ಉತ್ತರ ಪಠ್ಯಪುಸ್ತಕದಲ್ಲಿಲ್ಲ. ಬೆಳೆಯುತ್ತದೆ ಎಂಬುದು ಚಿಕ್ಕ ಉತ್ತರ. ಬೆಳೆಸಲು ಮೂಳೆಯೊಳಗಿನ ಮಜ್ಜೆಯ ಕೋಶಗಳನ್ನು ಬಳಸಬಹುದೇ ಎಂದು ಜಗತ್ತಿನ ಹಲವು ಕಡೆ ನೋಡಿದ್ದಾರೆ, ಮತ್ತು ಅದರಲ್ಲಿ ಒಂದು ಮುಖ್ಯ ಕೆಲಸ ನಡೆದದ್ದು ನಮ್ಮದೇ ರಾಜ್ಯದಲ್ಲಿ. ಆ ದೊಡ್ಡ ಉತ್ತರಕ್ಕೆ 45 ನಿಮಿಷದ ಪೀರಿಯಡ್ ಸಾಲುವುದಿಲ್ಲ, ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ರೋಗದಿಂದ ಶುರು ಮಾಡೋಣ. ಬರ್ಗರ್ ಕಾಯಿಲೆ ಎಂದು ಅದರ ಹೆಸರು. ಆಸ್ಟ್ರಿಯಾದ ಫೆಲಿಕ್ಸ್ ಫಾನ್ ವಿನಿವಾರ್ಟರ್ ಎಂಬ ವೈದ್ಯ 1879ರಲ್ಲೇ ಇಂಥ ಒಬ್ಬ ರೋಗಿಯ ಬಗ್ಗೆ ಬರೆದಿದ್ದ. 1908ರಲ್ಲಿ ನ್ಯೂಯಾರ್ಕಿನ ಲಿಯೋ ಬರ್ಗರ್, ಕತ್ತರಿಸಿ ತೆಗೆದ ಕಾಲುಗಳ ರಕ್ತನಾಳಗಳನ್ನು ಪರೀಕ್ಷಿಸಿ ವಿವರವಾಗಿ ವರ್ಣಿಸಿದ. ಕೈಕಾಲುಗಳ ಸಣ್ಣ ಮತ್ತು ಮಧ್ಯಮ ಗಾತ್ರದ ಅಪಧಮನಿ, ಅಭಿಧಮನಿಗಳಲ್ಲಿ ಉರಿಯೂತವಾಗಿ ಒಳಗೆ ರಕ್ತ ಹೆಪ್ಪುಗಟ್ಟುತ್ತದೆ. ಮುದುಕರ ಕಾಯಿಲೆ ಇದಲ್ಲ. ಸಾಮಾನ್ಯವಾಗಿ 45 ದಾಟದ ಗಂಡಸರಿಗೆ ಬರುತ್ತದೆ, ಮತ್ತು ಹೆಚ್ಚುಕಡಿಮೆ ಎಲ್ಲರೂ ತಂಬಾಕು ಬಳಸುವವರೇ ಆಗಿರುತ್ತಾರೆ. ನಮ್ಮ ದೇಶದಲ್ಲಿ ಅದು ಬಹಳಷ್ಟು ಸಲ ಬೀಡಿ.

ಬೀಡಿ ಎಂದ ಕೂಡಲೆ ನಿಮ್ಮಲ್ಲಿ ಅನೇಕರಿಗೆ ಮನೆಯ ಜಗಲಿ, ತಡ್ಪೆ, ಅದರಲ್ಲಿ ಕತ್ತರಿಸಿಟ್ಟ ಎಲೆ, ವಾರಕ್ಕೊಮ್ಮೆ ಬ್ರಾಂಚಿನ ಲೆಕ್ಕ ನೆನಪಾಗುತ್ತದೆ ಎಂದು ನನಗೆ ಗೊತ್ತು. ಮೂಡುಬಿದಿರೆ, ಬಂಟ್ವಾಳ, ಬೆಳ್ತಂಗಡಿಯಲ್ಲಿ ಎಷ್ಟೋ ಮಕ್ಕಳ ಫೀಸು ಕಟ್ಟಿದ್ದು ತಾಯಂದಿರ ಆ ಬೆರಳುಗಳು. ನಾನು ಇಲ್ಲಿ ಆ ಕೆಲಸವನ್ನು ದೂರುತ್ತಿಲ್ಲ. ಸೇದುವವರ ಕಾಲಿನ ಬಗ್ಗೆ ಹೇಳುತ್ತಿದ್ದೇನೆ, ಅಷ್ಟೆ.

ನಮ್ಮ ಊರಿನಲ್ಲಿ ಒಬ್ಬರು ಕಾಕ ಇದ್ದರು. ಆಟೋ ಓಡಿಸುತ್ತಿದ್ದರು, ವಯಸ್ಸು ನಲವತ್ತರ ಹತ್ತಿರ. ನಡೆಯುವಾಗ ಮೀನಖಂಡ ಹಿಡಿದುಕೊಳ್ಳುತ್ತದೆ, ಸ್ವಲ್ಪ ನಿಂತರೆ ಸರಿಯಾಗುತ್ತದೆ ಎನ್ನುತ್ತಿದ್ದರು. ಆಮೇಲೆ ಹೆಬ್ಬೆರಳಲ್ಲಿ ಒಂದು ಗಾಯ. ಚಪ್ಪಲಿ ಕಚ್ಚಿದ್ದು ಎಂದುಕೊಂಡು ತಿಂಗಳುಗಟ್ಟಲೆ ಮುಲಾಮು ಹಚ್ಚಿದರು. ಕೊನೆಗೆ ರಾತ್ರಿಯಿಡೀ ಮಂಚದಿಂದ ಕಾಲು ಕೆಳಗೆ ಇಳಿಬಿಟ್ಟು ಕೂರುವ ಸ್ಥಿತಿ ಬಂತು. ಮಲಗಿದರೆ ನೋವು, ಕಾಲು ಇಳಿಬಿಟ್ಟರೆ ಸ್ವಲ್ಪ ಸಮಾಧಾನ. ಯಾಕೆ ಹಾಗೆ ಎಂದು ಯೋಚಿಸಿ ನೋಡಿ: ಅದು ಭೌತಶಾಸ್ತ್ರ. ಇಳಿಬಿಟ್ಟ ಕಾಲಿಗೆ ಗುರುತ್ವಾಕರ್ಷಣೆಯ ಬಲದಿಂದ ಇನ್ನಷ್ಟು ರಕ್ತ ಇಳಿಯುತ್ತದೆ, ಮಲಗಿದಾಗ ಆ ಸಹಾಯವೂ ಇಲ್ಲ. ವಿಶ್ರಾಂತಿಯಲ್ಲೂ ನೋವಿದ್ದು, ಗಾಯ ಒಣಗದೆ, ಗ್ಯಾಂಗ್ರೀನ್ ಹತ್ತಿರ ಬಂದ ಈ ಹಂತವನ್ನು ವೈದ್ಯರು 'ಕ್ರಿಟಿಕಲ್ ಲಿಂಬ್ ಇಸ್ಕೀಮಿಯಾ' ಎನ್ನುತ್ತಾರೆ. ಕಾಕನ ಕಾಲನ್ನು ಮೊಣಕಾಲಿನ ಕೆಳಗೆ ತೆಗೆಯಬೇಕಾಯಿತು. ಆ ಮೇಲೆ ಬೀಡಿ ಬಿಟ್ಟರು. ಇನ್ನೊಂದು ಕಾಲು ಉಳಿಯಿತು.

ಇಲ್ಲಿ ಬೈಪಾಸ್ ಯಾಕೆ ಮಾಡಲಿಲ್ಲ ಎಂದು ಕೇಳಬಹುದು. ದೊಡ್ಡ ನಾಳ ಒಂದು ಕಡೆ ಮುಚ್ಚಿದ್ದರೆ, ಅದರ ಮೇಲಿನಿಂದ ಕೆಳಕ್ಕೆ ಇನ್ನೊಂದು ನಾಳ ಜೋಡಿಸಬಹುದು. ಆದರೆ ಬರ್ಗರ್ ಕಾಯಿಲೆಯಲ್ಲಿ ಮುಚ್ಚುವುದು ಪಾದದ ಹತ್ತಿರದ ಸಣ್ಣ ನಾಳಗಳೇ. ಜೋಡಿಸಲು ಕೆಳಗಡೆ ತೆರೆದ ತುದಿಯೇ ಸಿಗುವುದಿಲ್ಲ. ಹೆದ್ದಾರಿ ಬಂದ್ ಆದರೆ ಬದಲಿ ರಸ್ತೆ ಮಾಡಬಹುದು, ಊರೊಳಗಿನ ಓಣಿಗಳೆಲ್ಲ ಬಂದ್ ಆದರೆ ಏನು ಮಾಡುವುದು? ಓಣಿಗಳನ್ನೇ ಹೊಸದಾಗಿ ಬೆಳೆಸಬೇಕು.

ದೇಹಕ್ಕೆ ಅದು ಗೊತ್ತಿಲ್ಲದ ಕೆಲಸವಲ್ಲ. ಗಾಯ ಮಾಯುವಾಗ, ಗರ್ಭದಲ್ಲಿ ಮಗು ಬೆಳೆಯುವಾಗ ಹೊಸ ನಾಳಗಳು ಹುಟ್ಟುತ್ತಲೇ ಇರುತ್ತವೆ. ಒಂದು ಜೀವಕೋಶ ಲೋಮನಾಳದಿಂದ ಸುಮಾರು 100–200 ಮೈಕ್ರೋಮೀಟರಿಗಿಂತ ದೂರವಿದ್ದರೆ ಅದಕ್ಕೆ ಆಮ್ಲಜನಕ ವಿಸರಣೆಯಿಂದ ತಲಪುವುದು ಕಷ್ಟ. ಹಾಗಾಗಿ ಕೋಶದೊಳಗೆ ಒಂದು ಎಚ್ಚರಿಕೆ ಗಂಟೆ ಇದೆ, ಹಿಫ್ ಎಂಬ ಪ್ರೋಟೀನು. ಆಮ್ಲಜನಕ ಸಾಕಷ್ಟಿರುವಾಗ ಕೋಶವು ಹಿಫ್ ಪ್ರೋಟೀನನ್ನು ತಯಾರಿಸುತ್ತಲೇ ಇರುತ್ತದೆ, ಒಡೆದು ಹಾಕುತ್ತಲೂ ಇರುತ್ತದೆ. ಒಡೆಯಲು ಅದಕ್ಕೆ ಗುರುತು ಹಾಕುವ ಕಿಣ್ವಕ್ಕೆ ಆಮ್ಲಜನಕವೇ ಬೇಕು. ಆಮ್ಲಜನಕ ಕಡಿಮೆಯಾದರೆ ಗುರುತು ಬೀಳುವುದಿಲ್ಲ, ಹಿಫ್ ಉಳಿದುಕೊಳ್ಳುತ್ತದೆ, ಕೋಶಕೇಂದ್ರಕ್ಕೆ ಹೋಗಿ ಕೆಲವು ಜೀನುಗಳನ್ನು ಎಬ್ಬಿಸುತ್ತದೆ. ಇದನ್ನು ಕಂಡುಹಿಡಿದ ವಿಲಿಯಂ ಕೇಲಿನ್, ಪೀಟರ್ ರಾಟ್‌ಕ್ಲಿಫ್, ಗ್ರೆಗ್ ಸೆಮೆಂಜಾ ಅವರಿಗೆ 2019ರ ನೊಬೆಲ್ ಬಂತು. ಬಹಳ ಚೆಂದದ ವ್ಯವಸ್ಥೆ ಎಂದು ನನಗೆ ಪ್ರತಿಸಲ ಪಾಠ ಮಾಡುವಾಗಲೂ ಅನಿಸುತ್ತದೆ. ಸದಾ ತಯಾರಿಸಿ ಸದಾ ಹಾಳುಮಾಡುವುದು ದಂಡ ಎಂದು ಕಾಣಬಹುದು, ಆದರೆ ತುರ್ತಿನಲ್ಲಿ ಹೊಸದಾಗಿ ತಯಾರಿಸುವ ಸಮಯ ಉಳಿಯುತ್ತದೆ.

ಎಚ್ಚರಗೊಂಡ ಜೀನುಗಳಲ್ಲಿ ಮುಖ್ಯವಾದದ್ದು ವಿ.ಇ.ಜಿ.ಎಫ್. ಎಂಬ ಪ್ರೋಟೀನಿನದು. ಇದು ಕೋಶದಿಂದ ಹೊರಬಂದು ಹತ್ತಿರದ ನಾಳದ ಒಳಗೋಡೆಯ ಕೋಶಗಳನ್ನು, ಅಂದರೆ ಎಂಡೋಥೀಲಿಯಂ ಕೋಶಗಳನ್ನು ತಟ್ಟುತ್ತದೆ. ಅವುಗಳಲ್ಲಿ ಒಂದು 'ತುದಿ ಕೋಶ'ವಾಗಿ ಸಂಕೇತ ಬಂದ ದಿಕ್ಕಿಗೆ ಚಾಚಿಕೊಳ್ಳುತ್ತದೆ. ಅದರ ಹಿಂದಿನವು ವಿಭಜನೆಯಾಗುತ್ತ ಕೊಳವೆ ಕಟ್ಟುತ್ತವೆ. ಕಾಳುಮೆಣಸಿನ ಬಳ್ಳಿಯ ಕುಡಿ ಮುಂದೆ ಹೋಗಿ ಹಿಂದಿನ ಗೆಣ್ಣುಗಳು ಬೆಳೆದಂತೆ. ಇದನ್ನು ಆಂಜಿಯೋಜೆನೆಸಿಸ್ ಎನ್ನುತ್ತಾರೆ. ಇದಲ್ಲದೆ, ಮೊದಲೇ ಇರುವ ತೀರ ಸಣ್ಣ ಅಡ್ಡನಾಳಗಳು ರಕ್ತದ ಒತ್ತಡಕ್ಕೆ ಅಗಲವಾಗಿ ದಪ್ಪವಾಗುವುದೂ ಇದೆ. ಕಾಲಿಗೆ ನಿಜವಾಗಿ ಉಪಯೋಗವಾಗುವುದು ಎರಡೂ ಸೇರಿದಾಗ.

ಹಾಗಾದರೆ ಕಾಕನ ಕಾಲಿನಲ್ಲಿ ಈ ಗಂಟೆ ಬಾರಿಸಲಿಲ್ಲವೇ? ಬಾರಿಸುತ್ತದೆ. ಆದರೆ ಅಡಚಣೆಯ ವೇಗಕ್ಕೆ ದುರಸ್ತಿಯ ವೇಗ ಸಾಲುವುದಿಲ್ಲ. ತಂಬಾಕು ಮುಂದುವರಿದರೆ ಒಂದು ಕಡೆ ಕಟ್ಟಿದ್ದು ಇನ್ನೊಂದು ಕಡೆ ಮುಚ್ಚುತ್ತದೆ. ಆದ್ದರಿಂದ ಹೊರಗಿನಿಂದ ಸಹಾಯ ಕೊಡಬಹುದೇ ಎಂಬ ಯೋಚನೆ ಬಂತು.

ಮಜ್ಜೆ ಇಲ್ಲಿ ಬರುತ್ತದೆ. ಮನೆಯಲ್ಲಿ ಮಾಂಸದ ಸಾರಿನ ನಲ್ಲಿ ಮೂಳೆ ತಟ್ಟಿ ತಿನ್ನುವಾಗ ಸಿಗುವುದು ಹೆಚ್ಚಾಗಿ ಕೊಬ್ಬಿನ ಹಳದಿ ಮಜ್ಜೆ. ವಯಸ್ಕ ಮನುಷ್ಯರಲ್ಲಿ ರಕ್ತ ತಯಾರಿಸುವ ಕೆಂಪು ಮಜ್ಜೆ ಇರುವುದು ಸೊಂಟದ ಮೂಳೆ, ಎದೆಮೂಳೆ, ಪಕ್ಕೆಲುಬು, ಬೆನ್ನುಮೂಳೆಗಳಲ್ಲಿ. ಇಲ್ಲಿ ಮುಖ್ಯವಾಗಿ ಎರಡು ಬಗೆಯ ಆಕರ ಕೋಶಗಳಿವೆ. ಒಂದು ರಕ್ತಕಣಗಳನ್ನು ಹುಟ್ಟಿಸುವಂಥದ್ದು, ನಿಮಗೆ ಗೊತ್ತಿರುವುದು. ಇನ್ನೊಂದು ಮೂಳೆ, ಮೃದ್ವಸ್ಥಿ, ಕೊಬ್ಬಿನ ಕೋಶಗಳಾಗಬಲ್ಲ ಮೆಸೆಂಕೈಮಲ್ ಕೋಶ. ಈ ಎರಡನೆಯದನ್ನು ಗುರುತಿಸಲು ದಾರಿ ಮಾಡಿದ್ದು ಸೋವಿಯತ್ ವಿಜ್ಞಾನಿ ಫ್ರೀಡೆನ್‌ಸ್ಟೈನ್. ಮಜ್ಜೆಯನ್ನು ಪ್ಲಾಸ್ಟಿಕ್ ತಟ್ಟೆಗೆ ಹಾಕಿದರೆ ರಕ್ತಕೋಶಗಳು ತೇಲುತ್ತವೆ, ಇವು ಅಂಟಿಕೊಳ್ಳುತ್ತವೆ. ಮೇಲಿನದನ್ನು ಚೆಲ್ಲಿ ಅಂಟಿದ್ದನ್ನು ಬೆಳೆಸಿದರಾಯಿತು. ಇಷ್ಟು ಸರಳ ಉಪಾಯ ಇಂದಿಗೂ ಪ್ರಯೋಗಾಲಯಗಳಲ್ಲಿ ನಡೆಯುತ್ತಿದೆ.

1997ರಲ್ಲಿ ಅಮೆರಿಕದ ಬೋಸ್ಟನ್‌ನಲ್ಲಿ ಅಸಹರ ಮತ್ತು ಸಂಗಡಿಗರು ವಯಸ್ಕರ ರಕ್ತದಲ್ಲಿ ಎಂಡೋಥೀಲಿಯಂ ಆಗಬಲ್ಲ ಪೂರ್ವಕೋಶಗಳಿವೆ ಎಂದು ಪ್ರಕಟಿಸಿದರು. ಅವು ಮಜ್ಜೆಯಿಂದ ಬರುತ್ತವೆ ಎಂಬ ವಾದ ಬಲವಾಯಿತು. 2002ರಲ್ಲಿ ಜಪಾನಿನ ವೈದ್ಯರು ಮನುಷ್ಯರಲ್ಲಿ ಪ್ರಯತ್ನಿಸಿದರು. ಆ ಪ್ರಯೋಗದ ಒಂದು ಭಾಗವನ್ನು ಪ್ರಯೋಗವಿನ್ಯಾಸದ ಉದಾಹರಣೆಯಾಗಿ ನೆನಪಿಟ್ಟುಕೊಳ್ಳಿ. ಎರಡೂ ಕಾಲುಗಳಲ್ಲಿ ಕಾಯಿಲೆಯಿದ್ದ 22 ರೋಗಿಗಳನ್ನು ಆರಿಸಿ, ಒಂದು ಕಾಲಿನ ಸ್ನಾಯುವಿಗೆ ಅವರದೇ ಮಜ್ಜೆಯ ಕೋಶಗಳನ್ನು, ಇನ್ನೊಂದು ಕಾಲಿಗೆ ಅವರದೇ ರಕ್ತದ ಕೋಶಗಳನ್ನು ಚುಚ್ಚಿದರು. ಅದೇ ಮನುಷ್ಯ, ಅದೇ ಊಟ, ಅದೇ ವಯಸ್ಸು, ಬದಲಾದದ್ದು ಕೋಶ ಮಾತ್ರ. ಮಜ್ಜೆ ಹಾಕಿದ ಕಾಲು ಚೆನ್ನಾಗಿ ಸುಧಾರಿಸಿತು. ಆದರೆ ಪ್ರತಿ ರೋಗಿಯಿಂದ ಸುಮಾರು ಅರ್ಧ ಲೀಟರ್ ಮಜ್ಜೆ ತೆಗೆಯಬೇಕಾಗಿತ್ತು, ಅದೂ ಕಾಯಿಲೆಯವರಿಂದ.

ಈ ತೊಂದರೆಗೆ ಬೇರೆ ದಾರಿ ಹಿಡಿದದ್ದು ಬೆಂಗಳೂರಿನ ಸ್ಟೆಂಪ್ಯೂಟಿಕ್ಸ್ ಸಂಸ್ಥೆ. ಮಣಿಪಾಲ ಸಮೂಹ 2006ರಲ್ಲಿ ಆರಂಭಿಸಿದ್ದು, 2009ರಲ್ಲಿ ಸಿಪ್ಲಾ ಕಂಪೆನಿ ಕೈಜೋಡಿಸಿತು. ಕಾರ್ಕಳ ದಾರಿಯಾಗಿ ನಾವು ಆಸ್ಪತ್ರೆಗೆಂದು ಬಸ್ಸು ಹತ್ತುವ ಅದೇ ಮಣಿಪಾಲದ ಹೆಸರು. ಅವರು ರೋಗಿಯ ಮಜ್ಜೆ ಕೇಳಲಿಲ್ಲ. ಆರೋಗ್ಯವಂತ ದಾನಿಗಳಿಂದ, ಅವರ ಒಪ್ಪಿಗೆ ಪಡೆದು, ಸೊಂಟದ ಮೂಳೆಯಿಂದ ಸೂಜಿಯಲ್ಲಿ ಸ್ವಲ್ಪ ಮಜ್ಜೆ ತೆಗೆದು, ಮೆಸೆಂಕೈಮಲ್ ಕೋಶಗಳನ್ನು ಬೇರ್ಪಡಿಸಿ, ಹಲವು ದಾನಿಗಳ ಕೋಶಗಳನ್ನು ಒಟ್ಟುಗೂಡಿಸಿ ಬೆಳೆಸಿ, ಹೆಪ್ಪುಗಟ್ಟಿಸಿಡುವ ವಿಧಾನ. ಅದಕ್ಕೆ 'ಸ್ಟೆಂಪ್ಯೂಸೆಲ್' ಎಂದು ಹೆಸರು. ಬೇಕಾದಾಗ ತೆಗೆದು ಕರಗಿಸಿ ಮೀನಖಂಡದ ಸ್ನಾಯುವಿನ ಹಲವು ಜಾಗಗಳಿಗೆ ಮತ್ತು ಗಾಯದ ಸುತ್ತ ಚುಚ್ಚುತ್ತಾರೆ.

ಒಂದು ಲೆಕ್ಕ ಮಾಡಿ. ಮಜ್ಜೆಯ ಕೋಶಗಳಲ್ಲಿ ಮೆಸೆಂಕೈಮಲ್ ಕೋಶ ಸಿಗುವುದು ಹತ್ತು ಸಾವಿರಕ್ಕೋ ಒಂದು ಲಕ್ಷಕ್ಕೋ ಒಂದು. ಬೇಕಾದ ಪ್ರಮಾಣ ಕಿಲೋ ತೂಕಕ್ಕೆ 20 ಲಕ್ಷ ಕೋಶ. ರೋಗಿ 60 ಕಿಲೋ ಇದ್ದರೆ 12 ಕೋಟಿ. ಎಲ್ಲಿಂದ ತರುವುದು? ಸಮವಿಭಜನೆಯಿಂದ. ಒಂದು ಕೋಶ 10 ಸಲ ಇಮ್ಮಡಿಯಾದರೆ 1024, 20 ಸಲ ಆದರೆ ಹತ್ತು ಲಕ್ಷ ದಾಟುತ್ತದೆ. ಗಣಿತದ ಘಾತಾಂಕ ಯಾಕೆ ಕಲಿಯಬೇಕು ಎಂದು ಕೇಳುವವರು ಇದನ್ನು ಗಮನಿಸಿ.

2013ರಲ್ಲಿ ಅವರ ಮೊದಲ ಪರೀಕ್ಷೆಯ ವರದಿ ಬಂತು. 20 ರೋಗಿಗಳು, 10 ಮಂದಿಗೆ ಕೋಶ, 10 ಮಂದಿಗೆ ಕೋಶವಿಲ್ಲದ ಹುಸಿಮದ್ದು. ಯಾರಿಗೆ ಯಾವುದು ಎಂದು ರೋಗಿಗೂ ವೈದ್ಯರಿಗೂ ಗೊತ್ತಿಲ್ಲ. ನೋವು ಎರಡೂ ಗುಂಪಿನಲ್ಲಿ ಕಡಿಮೆಯಾಯಿತು. ಕೋಶ ಪಡೆದವರಲ್ಲಿ ಮಾತ್ರ ಕಾಲು-ತೋಳಿನ ಒತ್ತಡದ ಅನುಪಾತ ಗಮನಾರ್ಹವಾಗಿ ಏರಿತು. ಈ ಅನುಪಾತ ಸುಲಭ: ಹರಡಿನಲ್ಲಿ ಅಳೆದ ಸಂಕೋಚನದ ರಕ್ತದೊತ್ತಡವನ್ನು ತೋಳಿನದರಿಂದ ಭಾಗಿಸಿ. ಆರೋಗ್ಯವಂತರಲ್ಲಿ 1 ಅಥವಾ ಸ್ವಲ್ಪ ಹೆಚ್ಚು. 0.9ಕ್ಕಿಂತ ಕಡಿಮೆಯಿದ್ದರೆ ಕಾಲಿನ ನಾಳಗಳಲ್ಲಿ ಅಡಚಣೆ. ತೋಳಿನಲ್ಲಿ 130, ಹರಡಿನಲ್ಲಿ 52 ಇದ್ದರೆ 0.4, ಅಂದರೆ ಕಾಲು ಅಪಾಯದಲ್ಲಿದೆ.

2017ರ ಎರಡನೆಯ ವರದಿಯಲ್ಲಿ ಬರ್ಗರ್ ಕಾಯಿಲೆಯ 90 ಮಂದಿ. 36 ಮಂದಿಗೆ ಕಿಲೋಗೆ 10 ಲಕ್ಷ, 36 ಮಂದಿಗೆ 20 ಲಕ್ಷ, 18 ಮಂದಿಗೆ ಮಾಮೂಲಿ ಚಿಕಿತ್ಸೆ ಮಾತ್ರ. 20 ಲಕ್ಷದ ಗುಂಪಿನಲ್ಲಿ ನೋವು ಇಳಿದದ್ದೂ ಹುಣ್ಣು ಮಾಯ್ದದ್ದೂ ಮಾಮೂಲಿ ಚಿಕಿತ್ಸೆಯವರಿಗಿಂತ ಸ್ಪಷ್ಟವಾಗಿ ಹೆಚ್ಚು. ಆದರೆ ಇಲ್ಲಿ ಚೀಟಿ ಎತ್ತಿ ಗುಂಪು ಮಾಡಿರಲಿಲ್ಲ, ಯಾರಿಗೆ ಏನು ಎಂಬುದು ಗುಟ್ಟೂ ಆಗಿರಲಿಲ್ಲ. ಅಷ್ಟರ ಮಟ್ಟಿಗೆ ಸಾಕ್ಷ್ಯ ದುರ್ಬಲ ಎಂಬುದು ನನ್ನ ಅಭಿಪ್ರಾಯ. 2016ರಲ್ಲಿ ಭಾರತದ ಔಷಧ ಮಹಾನಿಯಂತ್ರಕರು ಬರ್ಗರ್ ಕಾಯಿಲೆಗೆ ಸೀಮಿತ ಅನುಮತಿ ಕೊಟ್ಟರು. 2020ರಲ್ಲಿ ಕೊಬ್ಬು ಕಟ್ಟಿಕೊಂಡು ನಾಳ ಮುಚ್ಚಿದ ರೋಗಿಗಳನ್ನೂ ಸೇರಿಸಿ ಅನುಮತಿ ಸಿಕ್ಕಿತು.

ಈಗ ಇನ್ನೊಂದು ಮುಖ. ನೆದರ್ಲೆಂಡ್ಸಿನ ಯೂಟ್ರೆಕ್ಟ್‌ನಲ್ಲಿ 'ಜುವೆಂಟಾಸ್' ಎಂಬ ಪ್ರಯೋಗ ನಡೆಯಿತು, ವರದಿ 2015ರದ್ದು. 160 ರೋಗಿಗಳು. ಎಲ್ಲರಿಂದಲೂ ಮಜ್ಜೆ ತೆಗೆದರು, ಆದರೆ ಅರ್ಧ ಮಂದಿಗೆ ಮಾತ್ರ ಕಾಲಿನ ಅಪಧಮನಿಯ ಮೂಲಕ ಕೋಶ ಕೊಟ್ಟರು. ಆರು ತಿಂಗಳಲ್ಲಿ ಕಾಲು ಕತ್ತರಿಸಬೇಕಾದವರು ಕೋಶ ಪಡೆದ ಗುಂಪಿನಲ್ಲಿ ಶೇಕಡ 19, ಹುಸಿಮದ್ದಿನ ಗುಂಪಿನಲ್ಲಿ ಶೇಕಡ 13. ಸಂಖ್ಯಾಶಾಸ್ತ್ರದ ಪ್ರಕಾರ ಇದು ವ್ಯತ್ಯಾಸವೇ ಅಲ್ಲ, ಅಂದರೆ ಕೋಶದಿಂದ ಲಾಭ ಕಾಣಲಿಲ್ಲ. ಆಶ್ಚರ್ಯವೆಂದರೆ ಎರಡೂ ಗುಂಪಿನವರಿಗೆ ಮೊದಲಿಗಿಂತ ಹಾಯೆನಿಸಿತು. ಹುಸಿಮದ್ದಿನ ಗುಂಪು ಇಲ್ಲದಿದ್ದರೆ ಇದನ್ನೇ ದೊಡ್ಡ ಜಯ ಎಂದು ಪತ್ರಿಕೆಗಳು ಬರೆಯುತ್ತಿದ್ದವು. ಎರಡು ಪ್ರಯೋಗಗಳಲ್ಲಿ ಕೋಶದ ಬಗೆ ಬೇರೆ, ಕೊಟ್ಟ ದಾರಿ ಬೇರೆ, ರೋಗಿಗಳೂ ಬೇರೆ ಬಗೆಯವರು. ಹಾಗಾಗಿ ಒಂದು ಇನ್ನೊಂದನ್ನು ಸುಳ್ಳು ಮಾಡುವುದಿಲ್ಲ, ಆದರೆ ಜಾಗ್ರತೆ ಕಲಿಸುತ್ತದೆ.

ಇದಕ್ಕಿಂತ ಬೇಸರದ ಸಂಗತಿಯೂ ಇದೆ. ಮಜ್ಜೆಯ ಕೋಶ ಹೃದಯದ ಸ್ನಾಯುವನ್ನೇ ಮತ್ತೆ ಹುಟ್ಟಿಸುತ್ತದೆ ಎಂದು 2001ರಲ್ಲಿ ಪಿಯೆರೋ ಅನ್ವೆರ್ಸಾ ಅವರ ತಂಡ ಹೇಳಿತ್ತು. ಬೇರೆಯವರಿಗೆ ಅದು ಮಾಡಿ ತೋರಿಸಲಾಗಲಿಲ್ಲ. 2018ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯ ಅವರ ಪ್ರಯೋಗಾಲಯದ 31 ಲೇಖನಗಳನ್ನು ಹಿಂಪಡೆಯಬೇಕು ಎಂದು ನಿಯತಕಾಲಿಕೆಗಳಿಗೆ ತಿಳಿಸಿತು, ಕಾರಣ ಸುಳ್ಳು ಮಾಹಿತಿ. ಪ್ರಾಕ್ಟಿಕಲ್ ರೆಕಾರ್ಡಿನಲ್ಲಿ ರೀಡಿಂಗ್ ಮೊದಲೇ ಬರೆದಿಡುವ ಅಭ್ಯಾಸವಿರುವವರು ಈ ಪ್ಯಾರಾವನ್ನು ಎರಡು ಸಲ ಓದಬಹುದು.

ಚುಚ್ಚಿದ ಕೋಶ ಕಾಲಿನೊಳಗೆ ನಿಜವಾಗಿ ಏನು ಮಾಡುತ್ತದೆ? ಅದೇ ರಕ್ತನಾಳವಾಗಿ ಬದಲಾಗುತ್ತದೆ ಎಂದು ಮೊದಲು ನಂಬಿದ್ದರು. ಈಗ ಹೆಚ್ಚಿನವರು ಹಾಗೆ ಹೇಳುವುದಿಲ್ಲ. ಚುಚ್ಚಿದ ಕೋಶಗಳಲ್ಲಿ ಬಹುಪಾಲು ಕೆಲವು ದಿನ, ವಾರಗಳಲ್ಲಿ ಇಲ್ಲವಾಗುತ್ತವೆ. ಅಷ್ಟರೊಳಗೆ ಅವು ವಿ.ಇ.ಜಿ.ಎಫ್., ಆಂಜಿಯೋಪೊಯೆಟಿನ್ ಮುಂತಾದ ಪ್ರೋಟೀನುಗಳನ್ನು ಸ್ರವಿಸುತ್ತವೆ, ಉರಿಯೂತ ಇಳಿಸುತ್ತವೆ. ನಾಳ ಕಟ್ಟುವುದು ರೋಗಿಯದೇ ಎಂಡೋಥೀಲಿಯಂ. ಹೊರಗಿನಿಂದ ಬಂದವರು ಮೇಸ್ತ್ರಿಗಳು, ಗಾರೆ ಕೆಲಸದವರು ಮನೆಯವರೇ. 'ಮೆಸೆಂಕೈಮಲ್ ಸ್ಟೆಮ್ ಸೆಲ್' ಎಂದು 1991ರಲ್ಲಿ ಹೆಸರಿಟ್ಟ ಆರ್ನಾಲ್ಡ್ ಕ್ಯಾಪ್ಲನ್ ಅವರೇ 2017ರಲ್ಲಿ ಆ ಹೆಸರು ಬೇಡ, ಸಂಕೇತ ಕೊಡುವ ಕೋಶ ಎನ್ನಿ ಎಂದು ಬರೆದರು.

ತರಗತಿಯಲ್ಲಿ ಇದನ್ನು ಹೇಳಿದಾಗ ಬಂದ ಪ್ರಶ್ನೆಗಳಲ್ಲಿ ಮೂರನ್ನು ಇಲ್ಲಿ ಉತ್ತರಿಸುತ್ತೇನೆ. ಇದು ಭ್ರೂಣದಿಂದ ತೆಗೆದದ್ದಾ ಎಂದು ಒಬ್ಬಳು ಕೇಳಿದಳು. ಅಲ್ಲ, ವಯಸ್ಕ ದಾನಿಯ ಮಜ್ಜೆ. ದಾನಿಗೆ ಕೆಲವು ದಿನ ಸೊಂಟ ನೋಯಬಹುದು, ತೆಗೆದ ಮಜ್ಜೆ ದೇಹದಲ್ಲಿ ಮತ್ತೆ ತುಂಬಿಕೊಳ್ಳುತ್ತದೆ. ರಕ್ತದ ಕ್ಯಾನ್ಸರಿನ ಮಜ್ಜೆ ಕಸಿಗೆ ಅಣ್ಣತಮ್ಮಂದಿರ ಹೊಂದಾಣಿಕೆ ನೋಡುತ್ತಾರಲ್ಲ, ಇಲ್ಲಿ ಬೇಡವೇ ಎಂಬುದು ಇನ್ನೊಂದು. ಅಲ್ಲಿ ಕಸಿ ಮಾಡಿದ ಕೋಶ ಜೀವನಪರ್ಯಂತ ಉಳಿದು ರಕ್ತ ತಯಾರಿಸಬೇಕು, ಹಾಗಾಗಿ ಹೊಂದಾಣಿಕೆ ಬೇಕೇ ಬೇಕು. ಮೆಸೆಂಕೈಮಲ್ ಕೋಶದ ಮೇಲೆ ಪ್ರತಿರೋಧ ವ್ಯವಸ್ಥೆಯನ್ನು ಕೆರಳಿಸುವ ಗುರುತುಗಳು ಕಡಿಮೆ, ಅದು ಉಳಿಯಬೇಕಾದದ್ದೂ ಸ್ವಲ್ಪ ಕಾಲ.

ಮೂರನೆಯದು ಪ್ರಶ್ನೆಯಲ್ಲ, ಮೊಬೈಲಿನಲ್ಲಿ ಬಂದ ಒಂದು ಜಾಹೀರಾತು. ಮಧುಮೇಹ, ಬುದ್ಧಿಮಾಂದ್ಯ, ಲಕ್ವ, ಮಂಡಿನೋವು ಎಲ್ಲಕ್ಕೂ ಒಂದೇ ಸ್ಟೆಮ್ ಸೆಲ್ ಇಂಜೆಕ್ಷನ್ ಎಂದಿತ್ತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಸ್ಪಷ್ಟವಾಗಿದೆ: ರಕ್ತಸಂಬಂಧಿ ಕಾಯಿಲೆಗಳ ಮಜ್ಜೆ ಕಸಿಯಂಥ ಒಪ್ಪಿತ ಚಿಕಿತ್ಸೆ ಬಿಟ್ಟರೆ, ಉಳಿದದ್ದೆಲ್ಲ ಅನುಮತಿ ಪಡೆದ ಪ್ರಯೋಗದೊಳಗೆ ಮಾತ್ರ ನಡೆಯಬೇಕು. ಹಾಗೆ ಪ್ರಯೋಗಕ್ಕೆ ಸೇರುವ ರೋಗಿಯಿಂದ ಹಣ ಕೇಳುವಂತಿಲ್ಲ. ಮನೆಯಲ್ಲಿ ಯಾರಾದರೂ ಜಾಗ ಮಾರಿ ಇಂಥದ್ದಕ್ಕೆ ಹೊರಟರೆ, ಔಷಧ ನಿಯಂತ್ರಕರ ಅನುಮತಿ ಯಾವ ಕಾಯಿಲೆಗೆ ಇದೆ, ಪ್ರಯೋಗವಾದರೆ ಅದರ ನೋಂದಣಿ ಸಂಖ್ಯೆ ಏನು ಎಂದು ನೀವು ಕೇಳಬೇಕು. ಇಂಗ್ಲಿಷ್ ಓದಲು ಬರುವವರು ಮನೆಯಲ್ಲಿ ನೀವೊಬ್ಬರೇ ಇರಬಹುದು.

ಅನುಮತಿ ಇರುವ ಚಿಕಿತ್ಸೆಯೂ ತಂಬಾಕು ಬಿಡದವನ ಕಾಲಿಗೆ ಭರವಸೆ ಕೊಡಲಾರದು. ಬರ್ಗರ್ ಕಾಯಿಲೆಯ ಮುನ್ನಡೆಯನ್ನು ತಡೆಯುತ್ತದೆ ಎಂದು ಖಚಿತವಾಗಿ ಗೊತ್ತಿರುವುದು ತಂಬಾಕನ್ನು ಪೂರ್ತಿ ಬಿಡುವುದೊಂದೇ. ದಿನಕ್ಕೆ ಒಂದೆರಡು ಬೀಡಿಗೆ ಇಳಿಸಿದರೆ ಸಾಲದು. ನಡೆಯುವಾಗ ಮೀನಖಂಡ ಹಿಡಿದುಕೊಂಡು ನಿಂತರೆ ಬಿಡುವುದು, ಬೆರಳಿನ ಗಾಯ ಎರಡು ವಾರಕ್ಕೂ ಒಣಗದಿರುವುದು, ರಾತ್ರಿ ಕಾಲು ಇಳಿಬಿಟ್ಟು ಕೂರುವುದು, ಇವು ತಂದೆಯಲ್ಲೋ ಮಾವನಲ್ಲೋ ಕಂಡರೆ ಮುಲಾಮಿನಲ್ಲಿ ದಿನ ಕಳೆಯದೆ ರಕ್ತನಾಳದ ತಜ್ಞರ ಹತ್ತಿರ ಕರೆದುಕೊಂಡು ಹೋಗಿ. ಸಕ್ಕರೆ ಕಾಯಿಲೆಯವರ ಕಾಲಿಗೂ ಇದೇ ಮಾತು. ಅವರಿಗೆ ನರ ಮಂದವಾಗಿ ನೋವೇ ಗೊತ್ತಾಗದಿರಬಹುದು, ಹಾಗಾಗಿ ಪಾದವನ್ನು ಕಣ್ಣಿನಿಂದಲೇ ದಿನಾ ನೋಡಬೇಕು.

ನೀಟ್ ಪರೀಕ್ಷೆಗೆ ಓದುವವರಿಗೆ ಕೊನೆಯದಾಗಿ ಒಂದು ವಿಷಯ. ನಾಳ ಬೆಳೆಸುವ ಈ ಸಂಕೇತ ಎಲ್ಲ ಕಡೆಯೂ ಒಳ್ಳೆಯದಲ್ಲ. ಗಡ್ಡೆಯೊಂದು ದೊಡ್ಡದಾಗಬೇಕಾದರೆ ತನಗೆ ಬೇಕಾದ ರಕ್ತನಾಳಗಳನ್ನು ತಾನೇ ಕರೆಸಿಕೊಳ್ಳುತ್ತದೆ ಎಂದು ಜೂಡಾ ಫೋಕ್‌ಮನ್ 1971ರಲ್ಲೇ ಹೇಳಿದ್ದರು. ಸಕ್ಕರೆ ಕಾಯಿಲೆಯವರ ಕಣ್ಣಿನ ಅಕ್ಷಿಪಟಲದಲ್ಲಿ ಇದೇ ವಿ.ಇ.ಜಿ.ಎಫ್. ಹೆಚ್ಚಾಗಿ, ಬೇಡದ ನಾಳಗಳು ಬೆಳೆದು, ಸೋರಿ ದೃಷ್ಟಿ ಹೋಗುತ್ತದೆ. ಅದಕ್ಕೆ ಕಣ್ಣಿನೊಳಗೆ ವಿ.ಇ.ಜಿ.ಎಫ್. ತಡೆಯುವ ಇಂಜೆಕ್ಷನ್ ಕೊಡುತ್ತಾರೆ. ಒಂದೇ ಮನುಷ್ಯನ ಕಾಲಿಗೆ ನಾಳ ಬೇಕು, ಕಣ್ಣಿಗೆ ಬೇಡ. ಕೋಶಗಳನ್ನು ರಕ್ತಕ್ಕೆ ಬಿಡದೆ ಸ್ನಾಯುವಿಗೇ ಚುಚ್ಚುವುದರಿಂದ ಆಗುವ ಒಂದು ಲಾಭ ಇಲ್ಲಿದೆ: ಸಂಕೇತ ಹೆಚ್ಚಾಗಿ ಆ ಕಾಲಿನಲ್ಲೇ ಉಳಿಯುತ್ತದೆ.